ನೀರೂ ನಿಲ್ಲಬಾರದು, ಗೋಡೆಯೂ ಬೀಳಬಾರದು

ಹಳೆಯ ನೀರು ಸರಬರಾಜು ಮತ್ತು ವಿದ್ಯುತ್ ಘಟಕಗಳನ್ನು ಭೂಕಂಪ ತಾಳುವಂತೆ ಬಲಪಡಿಸುವ ಕಾಮಗಾರಿಗಳ ಬಗ್ಗೆ ಬಂದ ಪತ್ರಗಳಲ್ಲಿ ಎಂಟನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಬಹುತೇಕ ಪತ್ರಗಳು ಕೇಳಿರುವುದು ಭೂಕಂಪದ ಲೆಕ್ಕವನ್ನಲ್ಲ. ಕೆಲಸ ನಡೆಯುವಾಗ ಹಣ, ದಿನ, ಸೇವೆ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ ಎಂದು. ಉತ್ತರಗಳನ್ನು ನಮ್ಮ ಎಂಜಿನಿಯರಿಂಗ್ ಬಳಗ ಬರೆದಿದೆ.

ಪ್ರಶ್ನೆ: ನಮ್ಮ ಪಂಪ್‌ಹೌಸ್‌ಗೆ ಐವತ್ತು ವರ್ಷ. ಮೂಲ ಡ್ರಾಯಿಂಗ್‌ಗಳೆಲ್ಲ ಜೋಪಾನವಾಗಿವೆ. ಆದರೂ ಗೋಡೆ, ಕಂಬ ಕೊರೆದು ಪರೀಕ್ಷೆ ಮಾಡಲೇಬೇಕು ಎನ್ನುತ್ತಿದ್ದಾರೆ ಸಲಹೆಗಾರರು. ದುಂದುವೆಚ್ಚವಲ್ಲವೆ?

ಅಲ್ಲ. ಏನನ್ನು ಕಟ್ಟಬೇಕೆಂದಿದ್ದರು ಎಂಬುದನ್ನಷ್ಟೇ ಡ್ರಾಯಿಂಗ್ ಹೇಳುತ್ತದೆ. ಏನು ಕಟ್ಟಿದರು, ಐವತ್ತು ವರ್ಷದ ತೇವದಲ್ಲಿ ಅದರಲ್ಲಿ ಎಷ್ಟು ಉಳಿದಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಮೊದಲು ರಾಡಾರ್ ಸ್ಕ್ಯಾನರ್‌ನಿಂದ ಕಂಬಿಗಳ ಜಾಗ ಗುರುತಿಸಿ. ಬಳಿಕ ಎರಡು ಮೂರು ಕಡೆ ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ ಒಡೆದು ಕಂಬಿಯ ವ್ಯಾಸವನ್ನು ಕಣ್ಣಾರೆ ಅಳೆಯಿರಿ. ಹಳೆಯ ಕಂಬಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು ನೆಲಮಟ್ಟದಿಂದ ಸ್ವಲ್ಪ ಮೇಲೆ ಕಂಬಿಗಳನ್ನು ಜೋಡಿಸಿರುವ ಲ್ಯಾಪ್ ಮತ್ತು ಸುತ್ತುಕಂಬಿಯ ಕೊಕ್ಕೆ. ಆ ಲ್ಯಾಪ್ ಭಾರ ಹೊರಲೆಂದು ಕೊಟ್ಟದ್ದು, ಎಳೆತ ತಾಳಲೆಂದಲ್ಲ. ಆದ್ದರಿಂದ ಬಹಳ ಸಲ ಗಿಡ್ಡವಾಗಿರುತ್ತದೆ. ಕೊಕ್ಕೆ 90 ಡಿಗ್ರಿ ಮಾತ್ರ ಬಾಗಿದ್ದರೆ ಹೊದಿಕೆ ಉದುರಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟಿನ ಬಲಕ್ಕೆ 100 ಮಿಮೀ ವ್ಯಾಸ, 200 ಮಿಮೀ ಉದ್ದದ ಕೋರ್‌ಗಳು, ಅಂದರೆ ಕೊರೆದು ತೆಗೆದ ಕಾಂಕ್ರೀಟಿನ ತುಂಡುಗಳು ಬೇಕು. ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ಥಲೀನ್ ಸಿಂಪಡಿಸಿ: ಗುಲಾಬಿಗೆ ತಿರುಗಿದರೆ ಕ್ಷಾರ ಉಳಿದಿದೆ, ಬಣ್ಣ ಬಾರದ ಪದರ ಕಂಬಿಯನ್ನು ಮುಟ್ಟಿದ್ದರೆ ತುಕ್ಕಿಗೆ ದಾರಿ ತೆರೆದಿದೆ. ತಾಮ್ರದ ಸಲ್ಫೇಟ್ ಎಲೆಕ್ಟ್ರೋಡ್‌ನಲ್ಲಿ ಅಳೆದ ಕಂಬಿಯ ವಿದ್ಯುತ್ ವಿಭವ (ಹಾಫ್ ಸೆಲ್ ಪರೀಕ್ಷೆ) ಮೈನಸ್ 350 ಮಿಲಿವೋಲ್ಟ್ ದಾಟಿ ಕೆಳಗಿಳಿದಿದ್ದರೆ ತುಕ್ಕು ನಡೆಯುತ್ತಿದೆ ಎಂದೇ ಎಣಿಸಿ.

ಪರೀಕ್ಷೆ ಬಿಟ್ಟರೂ ಖರ್ಚು ಉಳಿಯುವುದಿಲ್ಲ, ಬೇರೆ ಕಡೆ ಹೋಗುತ್ತದೆ. ಅಮೆರಿಕದ ಎಎಸ್‌ಸಿಇ 41 ಮಾನದಂಡದ ಪ್ರಕಾರ, ಮಾಹಿತಿ ಸಾಲದಿದ್ದರೆ ಹಳೆಯ ಭಾಗದ ಬಲವನ್ನು 0.75ರಿಂದ ಗುಣಿಸಬೇಕು. ಇದ್ದ ಬಲದ ಕಾಲು ಭಾಗವನ್ನು ಕಾಗದದ ಮೇಲೆಯೇ ಎಸೆದು, ಅಷ್ಟನ್ನು ಹೊಸ ಉಕ್ಕು, ಕಾಂಕ್ರೀಟಿನಲ್ಲಿ ಕೊಳ್ಳುತ್ತೀರಿ.

ಇದೇ ಹಂತದಲ್ಲಿ ಪೈಪ್ ಹೊದಿಕೆಯ ಆಸ್ಬೆಸ್ಟಸ್, ಹಳೆಯ ಬಣ್ಣದ ಸೀಸ, ಹಳೆಯ ಕೆಪಾಸಿಟರ್ ಮತ್ತು ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕಗಳನ್ನೂ ಹುಡುಕಿಬಿಡಿ. ನಡುಗೆಲಸದಲ್ಲಿ ಸಿಕ್ಕರೆ ಕೆಲಸವೇ ನಿಲ್ಲುತ್ತದೆ. ನೆಲವೂ ಹೀಗೆಯೇ. ಸ್ಯಾನ್ ಫ್ರಾನ್ಸಿಸ್ಕೊಗೆ ನೀರು ಕೊಡುವ ಕ್ಯಾಲವೆರಾಸ್ ಅಣೆಕಟ್ಟಿನ ಮಟ್ಟವನ್ನು ಭೂಕಂಪದ ಭಯದಿಂದ 2001ರಲ್ಲೇ ಇಳಿಸಲಾಗಿತ್ತು. 2011ರಲ್ಲಿ ಬದಲಿ ಅಣೆಕಟ್ಟಿನ ಕೆಲಸ ಶುರುವಾಯಿತು. ಅಗೆಯುತ್ತಾ ಹೋದಂತೆ ಪುರಾತನ ಭೂಕುಸಿತಗಳ ಕುರುಹು ಹೊರಬಿತ್ತು. ಕಡಿಯಬೇಕಾದ ಗುಡ್ಡ ಹೆಚ್ಚಿತು, ವಿನ್ಯಾಸ ಬದಲಾಯಿತು, ಗಡುವು ವರ್ಷಗಟ್ಟಲೆ ಸರಿಯಿತು. ಅಲ್ಲಿನವರು ಪರೀಕ್ಷೆ ಮಾಡಿಯೇ ಇದ್ದವರು ಎಂಬುದನ್ನೂ ಗಮನಿಸಿ. ಮಾಡದವರ ಪಾಡು ನೀವೇ ಊಹಿಸಿ.

ಪ್ರಶ್ನೆ: ಅನಿರೀಕ್ಷಿತ ವೆಚ್ಚಕ್ಕೆಂದು ಅಂದಾಜಿನಲ್ಲಿ ಶೇ 15 ಇಟ್ಟಿದ್ದೇವೆ. ಲೆಕ್ಕಪತ್ರ ವಿಭಾಗ ಶೇ 5 ಸಾಕು ಎನ್ನುತ್ತಿದೆ. ಯಾರು ಸರಿ?

ಬಹುಶಃ ಇಬ್ಬರೂ ತಪ್ಪು. ವಿನ್ಯಾಸ ಎಷ್ಟು ಮುಗಿದಿದೆ ಎಂದು ಹೇಳದೆ ಶೇಕಡಾವಾರು ಹೇಳುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ. ವೆಚ್ಚ ಎಂಜಿನಿಯರುಗಳ ಸಂಘವಾದ ಎಎಸಿಇಯ ವರ್ಗೀಕರಣದಲ್ಲಿ ಐದನೆಯ ದರ್ಜೆಯ, ಅಂದರೆ ಬರೀ ಕಲ್ಪನೆಯ ಹಂತದ ಅಂದಾಜು ಶೇ 30ರಿಂದ 100ರವರೆಗೂ ಮೇಲೇರಬಹುದು. ಮಂಜೂರಾತಿಗೆ ಹೋಗುವ ಮೂರನೆಯ ದರ್ಜೆಯದು ಶೇ 10ರಿಂದ 30. ಹಳೆಯ ಕಟ್ಟಡವನ್ನು ಕೆದಕುವ ಕೆಲಸ ಆ ಪಟ್ಟಿಯ ಮೇಲಂಚಿಗೇ ಹತ್ತಿರ.

ಇನ್ನೂ ಮುಖ್ಯವಾದದ್ದು ಹಣದ ಹಿಂದಿರುವ ಅಪಾಯಗಳ ಆಕಾರ. ಒಂದು ಲೆಕ್ಕ ನೋಡಿ. ಹತ್ತು ಸಣ್ಣ ಅಪಾಯಗಳಿವೆ. ಪ್ರತಿಯೊಂದಕ್ಕೂ ಶೇ 20 ಸಾಧ್ಯತೆ. ಬಂದರೆ ತಲಾ ಹತ್ತು ದಿನ ನಷ್ಟ. ಸರಾಸರಿ ನಷ್ಟ 20 ದಿನ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, 30 ದಿನ ಕೈಯಲ್ಲಿಟ್ಟುಕೊಂಡರೆ ಸಾಲುವ ಸಾಧ್ಯತೆ ಶೇ 88ರ ಹತ್ತಿರ. ಈಗ ಒಂದೇ ಒಂದು ದೊಡ್ಡ ಅಪಾಯ, ಸಾಧ್ಯತೆ ಅದೇ ಶೇ 20, ಬಂದರೆ 100 ದಿನ ನಷ್ಟ. ಸರಾಸರಿ ಇಲ್ಲಿಯೂ 20 ದಿನವೇ! ಆದರೆ ಇಟ್ಟುಕೊಂಡ 30 ದಿನ ಇಲ್ಲಿ ಯಾವ ಪ್ರಯೋಜನಕ್ಕೂ ಬಾರದು. ಅಪಾಯ ಬಾರದಿದ್ದರೆ ಬೇಡ, ಬಂದರೆ ಸಾಲದು. ಇಂಥದ್ದನ್ನು ಮೀಸಲಿನಿಂದ ನೀಗಲಾಗದು. ಮೊದಲೇ ನೆಲ ಪರೀಕ್ಷೆಗೆ ಬೋರ್ ಹಾಕಿ, ವಾಲ್ವ್ ತಿರುಗಿಸಿ, ಉಪಕರಣಕ್ಕೆ ಮುಂಚಿತವಾಗಿ ಆರ್ಡರ್ ಕೊಟ್ಟು ಅದರ ಸಾಧ್ಯತೆಯನ್ನೇ ಕುಗ್ಗಿಸಬೇಕು. ಆಗದಿದ್ದರೆ ಆ ಅಪಾಯವನ್ನು ಹೆಸರಿಸಿ ಆಡಳಿತ ಮಂಡಳಿಯ ಮುಂದಿಟ್ಟು, ಅವರ ಕೈಯಲ್ಲೇ ಪ್ರತ್ಯೇಕ ನಿಧಿ ಇಡಿಸಿ.

‘ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ’ ಎಂದೆವಲ್ಲ, ಅಲ್ಲೇ ಮೋಸವಿರುವುದು. ಡ್ರಾಯಿಂಗ್ ಒಂದು ಸುಳ್ಳಾದರೆ ಕಂಬಿ ಅಡ್ಡ ಬರುವುದು, ಪೈಪ್ ಹೊಂದದಿರುವುದು, ಕೇಬಲ್ ಸಿಗುವುದು ಎಲ್ಲವೂ ಒಟ್ಟಿಗೇ ಬರುತ್ತವೆ.

ಪ್ರಶ್ನೆ: ಪಂಪ್‌ಹೌಸ್‌ನಿಂದ ಹೊರಹೋಗುವ ಮುಖ್ಯ ಕೊಳವೆಗೆ ಬಾಗಿಕೊಡುವ ಜಾಯಿಂಟ್ ಕೂರಿಸಬೇಕು. ಸಿಗುವುದು ರಾತ್ರಿ 10ರಿಂದ ಬೆಳಗಿನ 6ರವರೆಗೆ, ಎಂಟು ಗಂಟೆ ಮಾತ್ರ. ಹೇಗೆ ಯೋಜಿಸಬೇಕು?

ನಿಮ್ಮ ದೊಡ್ಡ ಶತ್ರು ಜಾಯಿಂಟ್ ಅಲ್ಲ, ವರ್ಷಗಳಿಂದ ಯಾರೂ ಮುಟ್ಟದ ವಾಲ್ವ್. ಆರು ತಿಂಗಳ ಮೊದಲೇ ಅದನ್ನು ಮುಚ್ಚಿ ನೋಡಿ. ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ. ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಸುತ್ತಿಗೇ ನಿಂತರೆ ತಳದಲ್ಲಿ ಹೂಳು ಕೂತಿದೆ. ಒತ್ತಾಯ ಮಾಡಬೇಡಿ, ದಂಡ ಮುರಿಯುತ್ತದೆ. ಸ್ವಲ್ಪ ತೆರೆದು, ಹರಿವಿನ ರಭಸಕ್ಕೆ ಹೂಳು ಕೊಚ್ಚಿಹೋಗಲು ಬಿಟ್ಟು, ಮತ್ತೆ ಮುಚ್ಚಿ, ನಾಲ್ಕೈದು ಸಲ. ಯಾವಾಗಲೂ ನಿಧಾನವಾಗಿ: ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ನೀರನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಸುಮಾರು 10 ಬಾರ್, ಅಂದರೆ 100 ಮೀಟರ್ ಎತ್ತರದ ನೀರಿನಷ್ಟು ಏರುತ್ತದೆ.

ಮುಚ್ಚಿದ ಮೇಲೂ ಸೋರುವ ನೀರನ್ನು ಡ್ರೈನ್‌ನಲ್ಲಿ ಅಳೆಯಿರಿ. ಬಕೆಟ್, ಗಡಿಯಾರ ಸಾಕು. ಬೋಲ್ಟಿನ ಜೋಡಣೆಯಾದರೆ ಸ್ವಲ್ಪ ಸೋರಿಕೆಯನ್ನು ಪಂಪ್ ಹಾಕಿ ನಿಭಾಯಿಸಬಹುದು, ಬೆಸುಗೆಯಾದರೆ ಹನಿಯೂ ಆಗದು. ವಾಲ್ವ್ ಕೈಕೊಡುವುದು ಖಚಿತವಾದರೆ ಹರಿವು ಇರುವಾಗಲೇ ಕೊಳವೆಗೆ ತಡೆ ಇಳಿಸುವ ಲೈನ್‌ಸ್ಟಾಪ್‌ಗೆ ಈಗಲೇ ಆರ್ಡರ್ ಕೊಡಿ. ಆ ರಾತ್ರಿ ಫೋನ್ ಮಾಡಿದರೆ ಸಿಗುವಂಥದ್ದಲ್ಲ ಅದು.

ಎರಡನೆಯದು ಅಳತೆ. ಹಳೆಯ ಎರಕದ ಕೊಳವೆಯ ಹೊರವ್ಯಾಸ ಇಂದಿನ ಪಟ್ಟಿಗೆ ಹೊಂದಬೇಕೆಂದಿಲ್ಲ, ದುಂಡಗೂ ಇರಬೇಕೆಂದಿಲ್ಲ. ಕತ್ತರಿಸುವ ಜಾಗದಲ್ಲಿ ಮಣ್ಣು ತೆಗೆದು, ತುಕ್ಕು ಕೆರೆದು, ಸುತ್ತಳತೆಯನ್ನೂ ನಾಲ್ಕು ದಿಕ್ಕಿನ ವ್ಯಾಸವನ್ನೂ ಬೇರೆ ಬೇರೆ ಅಳೆಯಿರಿ. ಸುತ್ತಳತೆಯೊಂದನ್ನೇ ನಂಬಿದರೆ ಮೊಟ್ಟೆಯಾಕಾರ ಕಾಣುವುದೇ ಇಲ್ಲ. ಕಪ್ಲಿಂಗ್ ಹೊಂದಲಿಲ್ಲವೆಂಬ ಸುದ್ದಿ ರಾತ್ರಿ ಎರಡಕ್ಕೆ ಬರುವುದು ಸಾಮಾನ್ಯವಾಗಿ ಇದರಿಂದಲೇ.

ಇನ್ನು ಗಂಟೆಗಳ ಹಂಚಿಕೆ. ಹತ್ತಕ್ಕೆ ಮುಚ್ಚುವುದು. ಹನ್ನೊಂದೂವರೆಗೆ ಕೊಳವೆ ಬರಿದು. ಹನ್ನೆರಡೂವರೆಗೆ ಕತ್ತರಿಸಿ ಹಳೆಯ ತುಂಡು ಹೊರಗೆ. ಎರಡೂವರೆಗೆ ಜಾಯಿಂಟ್ ಕೂತು ಬೋಲ್ಟ್ ಬಿಗಿತ ಮುಗಿಯಬೇಕು. ಒಳಮೈಯನ್ನು ಶೇ 1ರ ಹೈಪೋಕ್ಲೋರೈಟ್‌ನಿಂದ ಒರೆಸುವುದು ಕೂರಿಸುವುದಕ್ಕೆ ಮೊದಲೇ ಆಗಿರಬೇಕು. ನಾಲ್ಕರವರೆಗೆ ಗಾಳಿ ಹೊರಬಿಡುತ್ತ ನಿಧಾನಕ್ಕೆ ತುಂಬುವುದು, ಐದರೊಳಗೆ ಒತ್ತಡ ನೋಡಿ ತೊಳೆದು ಹರಿಸುವುದು. ಉಳಿದ ಒಂದು ಗಂಟೆಯನ್ನು ಯಾರಿಗೂ ಹಂಚಬೇಡಿ.

ಇದರಲ್ಲಿ ಒಂದೇ ಒಂದು ನಿರ್ಧಾರದ ಕ್ಷಣವಿದೆ: ಗರಗಸ ಇಡುವ ಮುನ್ನ. ಅಲ್ಲಿಯವರೆಗೆ ವಾಲ್ವ್ ತೆರೆದು ಹಿಂದಕ್ಕೆ ಹೋಗಬಹುದು, ಕತ್ತರಿಸಿದ ಮೇಲೆ ಮುಂದಕ್ಕಷ್ಟೇ ದಾರಿ. ‘ಹನ್ನೊಂದು ಮುಕ್ಕಾಲಿಗೆ ಕೊಳವೆ ಬರಿದಾಗಿರದಿದ್ದರೆ ಇವತ್ತಿಗೆ ರದ್ದು’ ಎಂದು ಮೊದಲೇ ಬರೆದಿಟ್ಟು, ರದ್ದು ಮಾಡುವ ಅಧಿಕಾರವನ್ನು ಘಟಕ ನಡೆಸುವ ಮೇಲ್ವಿಚಾರಕರೊಬ್ಬರಿಗೆ ಕೊಡಿ. ಗುತ್ತಿಗೆದಾರರಿಗೆ ಬೇಡ, ಕ್ರೇನಿನ ಬಾಡಿಗೆ ಓಡುತ್ತಿರುವಾಗ ಅವರ ಬಾಯಲ್ಲಿ ಆ ಮಾತು ಬರುವುದು ಕಷ್ಟ. ಸ್ಥಳದಲ್ಲಿ ಎರಡು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಸೆಟ್ ಬೋಲ್ಟ್, ರಿಪೇರಿ ಕ್ಲ್ಯಾಂಪ್, ಇನ್ನೊಂದು ಪಂಪ್, ಇನ್ನೊಂದು ಜನರೇಟರ್ ಇರಲಿ. ಮೇಲಿನ ಟ್ಯಾಂಕ್ ಹತ್ತು ಗಂಟೆಗೆ ತುಂಬಿರಬೇಕು. ಹಿಂದಿನ ವಾರ ಕತ್ತರಿಸುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಮ್ಮೆ ಮಾಡಿ ನೋಡಿ.

ಪ್ರಶ್ನೆ: ಉಕ್ಕಿನ ಟ್ಯಾಂಕ್, 30 ಮೀಟರ್ ವ್ಯಾಸ, 10 ಮೀಟರ್ ನೀರು. ಬಲಪಡಿಸಲು ಹಣ ಸಿಗುವುದು ಇನ್ನು ಮೂರು ವರ್ಷಕ್ಕೆ. ಅಲ್ಲಿಯವರೆಗೆ ದೇವರೇ ಗತಿಯೆ?

ನೀರಿನ ಮಟ್ಟ ಇಳಿಸಿ. 8 ಮೀಟರ್‌ಗೆ ಇಳಿಸಿದರೆ ಹೋಗುವ ನೀರು ಶೇ 20. ಆದರೆ ಗೋಡೆಯೊಂದಿಗೆ ಅಲುಗುವ ನೀರು ತಳದಲ್ಲಿ ಉಂಟುಮಾಡುವ ಮಗುಚುವ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಏಕೆಂದರೆ ಆ ಪಾಲಿನ ತೂಕವೂ ಅದರ ಎತ್ತರವೂ ಒಟ್ಟಿಗೆ ಕುಗ್ಗುತ್ತವೆ. ಗೋಡೆಯ ಬುಡ ಆನೆಗಾಲಿನಂತೆ ಉಬ್ಬುವ ಭಯವೂ ಅಷ್ಟು ಕಡಿಮೆ. ಆರು ಸೆಕೆಂಡಿನ ಆಸುಪಾಸಿನ ನಿಧಾನ ಲಯದಲ್ಲಿ ತುಳುಕುವ ನೀರಿಗೆ ಚಾವಣಿಯ ಕೆಳಗೆ 2 ಮೀಟರ್ ಜಾಗವೂ ಸಿಗುತ್ತದೆ. ಬೆಂಕಿ ನಂದಿಸುವ ಮೀಸಲು ಮತ್ತು ಕ್ಲೋರಿನ್ ನೀರಿನೊಂದಿಗೆ ಇರಬೇಕಾದ ಸಮಯ ಸಾಲುತ್ತದೆಯೇ ಎಂದು ಲೆಕ್ಕ ಹಾಕಿಯೇ ಇಳಿಸಿ. ಜತೆಗೆ, ಟ್ಯಾಂಕಿಗೆ ಬಿಗಿಯಾಗಿ ಬೆಸೆದ ಕೊಳವೆಗೆ ಬಾಗಿಕೊಡುವ ಜಾಯಿಂಟ್ ಹಾಕುವುದಕ್ಕೆ ಮೂರು ವರ್ಷ ಕಾಯಬೇಡಿ. ಟ್ಯಾಂಕ್ ಗಟ್ಟಿಯಾಗಿ ನಿಂತು ಕೊಳವೆ ಕಿತ್ತುಹೋದರೂ ನೀರು ಹೋದದ್ದು ಹೋದದ್ದೇ.

ಪ್ರಶ್ನೆ: ಹಳೆಯ ಕಾಂಕ್ರೀಟಿಗೆ ಆ್ಯಂಕರ್ ಬೋಲ್ಟ್ ಕೂರಿಸುವಾಗ ಮೂರು ತೂತಿಗೆ ಒಂದರಲ್ಲಿ ಕಂಬಿ ಅಡ್ಡ ಬರುತ್ತಿದೆ. ಪ್ರತಿ ಸಲ ಡಿಸೈನರ್‌ಗೆ ಬರೆದು ವಾರ ಕಾಯುತ್ತಿದ್ದೇವೆ.

ಕಾಯುವಿಕೆಗೆ ಕಾರಣ ಕಂಬಿಯಲ್ಲ, ನಿಯಮ ಮೊದಲೇ ಬರೆದಿಡದೆ ಇರುವುದು. ಕಂಬಿ ಸಿಕ್ಕರೆ ತೂತನ್ನು ಯಾವ ದಿಕ್ಕಿಗೆ ಎಷ್ಟು ಸರಿಸಬಹುದು, ಅಂಚಿಗೆ ಎಷ್ಟು ಹತ್ತಿರ ಹೋಗಬಹುದು, ಬಿಟ್ಟ ತೂತನ್ನು ಕುಗ್ಗದ ಗ್ರೌಟ್‌ನಿಂದ ಹೇಗೆ ತುಂಬಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಡಿಸೈನರ್ ಸಹಿಯೊಂದಿಗೆ ಪಡೆಯಿರಿ. ಆ ಮಿತಿಯೊಳಗೆ ಸ್ಥಳದಲ್ಲೇ ತೀರ್ಮಾನ, ಮಿತಿ ದಾಟಿದರೆ ಮಾತ್ರ ಪತ್ರ. ಉಕ್ಕಿನ ಫಲಕಕ್ಕೆ ಕಾರ್ಖಾನೆಯಲ್ಲೇ ರಂಧ್ರ ಹಾಕಿಸಬೇಡಿ. ಗೋಡೆಯಲ್ಲಿ ತೂತು ಕೊರೆದು, ಅದರ ಪಡಿಯಚ್ಚು ತೆಗೆದು, ಆಮೇಲೆ ಫಲಕ ಕೊರೆಸಿ. ಮುಖ್ಯ ಕಂಬಿಯನ್ನು ಕತ್ತರಿಸಿ ‘ಸಮಸ್ಯೆ ಬಗೆಹರಿಸುವವರು’ ಎಲ್ಲ ಕಡೆ ಇರುತ್ತಾರೆ. ವಜ್ರದ ಬಿಟ್ ಕಂಬಿಯನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಕಂಬಿ ತಗುಲಿದರೆ ತಾನಾಗಿ ನಿಲ್ಲುವ ಡ್ರಿಲ್ ಬಳಸಿ.

ಆಳ ಕಡಿಮೆ ಮಾಡುವ ಆಸೆಗೂ ಬೀಳಬೇಡಿ. ಬೋಲ್ಟ್ ಎಳೆದರೆ ಕಾಂಕ್ರೀಟು ಶಂಕುವಿನಾಕಾರದಲ್ಲಿ ಕಿತ್ತುಬರುತ್ತದೆ. ಅದರ ತ್ರಿಜ್ಯ ಆಳದ ಒಂದೂವರೆ ಪಟ್ಟು. 170 ಮಿಮೀ ಆಳದ ಎರಡು ಬೋಲ್ಟ್‌ಗಳ ನಡುವೆ 510 ಮಿಮೀ ಇದ್ದರೆ ಮಾತ್ರ ಎರಡಕ್ಕೂ ಪೂರ್ತಿ ಶಂಕು. ಹತ್ತಿರ ಬಂದಷ್ಟೂ ಒಂದೇ ಕಾಂಕ್ರೀಟನ್ನು ಎರಡೂ ಹಂಚಿಕೊಳ್ಳುತ್ತವೆ.

ಅಂಟಿನ ಆ್ಯಂಕರ್ ಆದರೆ ತೂತಿನ ಧೂಳೇ ಮುಖ್ಯ ಖಳ. ಊದು, ಬ್ರಷ್ ಹಾಕು, ಮತ್ತೆ ಊದು. ತಯಾರಕರು ಹೇಳಿದಷ್ಟು ಸಲ, ಹೇಳಿದ ಅಳತೆಯದೇ ಬ್ರಷ್. ಸವೆದ ಬ್ರಷ್ ಗೋಡೆಯನ್ನು ಮುಟ್ಟುವುದೇ ಇಲ್ಲ. ಅಂಟನ್ನು ತೂತಿನ ತಳದಿಂದ ತುಂಬುತ್ತ ಬನ್ನಿ, ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಗಟ್ಟಿಯಾಗುವ ಸಮಯವನ್ನು ಕಾಂಕ್ರೀಟಿನ ತಾಪ ನೋಡಿ ಹೇಳಬೇಕು, ಗಾಳಿಯ ತಾಪ ನೋಡಿ ಅಲ್ಲ. ಸದಾ ಭಾರ ತೂಗುವ ಕಡೆ, ಅದರಲ್ಲೂ ತಲೆಯ ಮೇಲೆ, ಅಂಟಿನ ಆಯ್ಕೆಗೆ ಇಮ್ಮಡಿ ಎಚ್ಚರ ಬೇಕು. 2006ರ ಜುಲೈನಲ್ಲಿ ಬಾಸ್ಟನ್‌ನ ಸುರಂಗ ರಸ್ತೆಯಲ್ಲಿ ಚಾವಣಿ ಫಲಕಗಳು ಕಾರಿನ ಮೇಲೆ ಬಿದ್ದು ಒಬ್ಬರು ಸತ್ತದ್ದು, ಬೇಗ ಗಟ್ಟಿಯಾಗುವ ಎಪಾಕ್ಸಿ ಸತತ ಭಾರಕ್ಕೆ ನಿಧಾನವಾಗಿ ಜಾರಿಕೊಂಡದ್ದರಿಂದ ಎಂದು ತನಿಖೆ ಹೇಳಿತು. ಮೊದಲ ದಿನ ಕೂರಿಸಿದವನ್ನೆಲ್ಲ ಎಳೆದು ಪರೀಕ್ಷಿಸಿ. ಆಮೇಲೆ ಪ್ರತಿಯೊಬ್ಬ ಕೆಲಸಗಾರನ ಕೈಕೆಲಸದಿಂದಲೂ ಕೆಲವನ್ನು.

ಪ್ರಶ್ನೆ: ಕಂಟ್ರೋಲ್ ರೂಮ್ ಇರುವ ಕಟ್ಟಡಕ್ಕೆ ಹೊಸ ಶಿಯರ್ ಗೋಡೆ (ಭೂಕಂಪದ ಅಡ್ಡಬಲ ತಾಳುವ ಗೋಡೆ) ಸೇರಿಸುತ್ತಿದ್ದೇವೆ. ಕೆಲಸದ ಮಧ್ಯೆಯೇ ಭೂಕಂಪವಾದರೆ?

ಹೆಚ್ಚಿನವರು ಕೇಳುವುದನ್ನೇ ಮರೆಯುವ ಪ್ರಶ್ನೆ. ಕೆಲಸದ ನಡುವಿನ ಕಟ್ಟಡ ಕೆಲವು ವಾರ ಮೊದಲಿಗಿಂತಲೂ ದುರ್ಬಲವಾಗಿರಬಹುದು. ಗೋಡೆಗೆ ಬಾಗಿಲು ಕೊರೆದಿರುತ್ತದೆ, ಹಳೆಯ ಬ್ರೇಸಿಂಗ್ (ಓರೆ ಆಸರೆ) ಬಿಚ್ಚಿರುತ್ತದೆ, ಪಾಯದ ಪಕ್ಕ ಗುಂಡಿ ತೋಡಿರುತ್ತದೆ. ಒಂದು ಬದಿಯ ಗೋಡೆ ಮಾತ್ರ ಮುಗಿದಿದ್ದರೆ ಕಟ್ಟಡ ಆ ಗಟ್ಟಿ ಬದಿಯ ಸುತ್ತ ತಿರುಚಿಕೊಳ್ಳುತ್ತದೆ. ಆದ್ದರಿಂದ ಕ್ರಮವನ್ನು ಡಿಸೈನರೇ ಬರೆಯಬೇಕು: ಮೊದಲು ಪಾಯ, ಆಮೇಲೆ ಕೆಳಗಿನಿಂದ ಮೇಲಕ್ಕೆ ಗೋಡೆ, ಎದುರುಬದುರು ಗೋಡೆಗಳು ಜೋಡಿಯಾಗಿ, ಚಾವಣಿಯ ಬಲವನ್ನು ಗೋಡೆಗೆ ಎಳೆದು ತರುವ ಕಲೆಕ್ಟರ್ ಕಂಬಿಗಳು ಅದರ ಜತೆಗೇ. ಹಳೆಯದನ್ನು ಬಿಚ್ಚುವುದು ಹೊಸದು ನಿಂತ ಮೇಲೆ. ಒಮ್ಮೆಗೆ ಎಷ್ಟು ಮೀಟರ್ ಪಾಯ ತೆರೆದಿರಬಹುದು ಎಂಬ ಮಿತಿ ಟೆಂಡರಿನಲ್ಲೇ ಇರಲಿ.

ದಿನನಿತ್ಯದ ಕಂಟಕ ಮಾತ್ರ ಭೂಕಂಪವಲ್ಲ, ಕೆಲಸವೇ. ಕಾಂಕ್ರೀಟ್ ಒಡೆಯುವ ಬ್ರೇಕರ್‌ನ ಕಂಪನಕ್ಕೆ ಹಳೆಯ ರಿಲೇ (ವಿದ್ಯುತ್ ಕಡಿಯುವ ರಕ್ಷಣಾ ಸಾಧನ) ಟ್ರಿಪ್ ಆಗಿ ಪಂಪ್‌ಗಳೆಲ್ಲ ನಿಲ್ಲುತ್ತವೆ. ಕಾಂಕ್ರೀಟಿನ ಧೂಳು ಪ್ಯಾನೆಲ್ ಒಳಗೆ ಸೇರುತ್ತದೆ, ಕೋರ್ ಕೊರೆಯುವ ನೀರು ಕೆಳಗಿನ ಸ್ವಿಚ್‌ಗೇರ್ ಮೇಲೆ ಇಳಿಯುತ್ತದೆ. ಗೋಡೆಯಿಂದಾಚೆ ಪ್ಲಾಸ್ಟಿಕ್ ಪರದೆ ಕಟ್ಟಿ, ಕೆಲಸದ ಬದಿಯಿಂದ ಗಾಳಿಯನ್ನು ಹೊರಗೆಳೆಯುವ ಫ್ಯಾನ್ ಇಡಿ. ಒಡೆಯುವ ಬದಲು ಗರಗಸದಿಂದ ಕತ್ತರಿಸಿ. ನೆಲದೊಳಗಿನ ಜೀವಂತ ಕೇಬಲ್‌ಗಳನ್ನು ಸ್ಕ್ಯಾನ್ ಮಾಡಿ ಬಣ್ಣದಲ್ಲಿ ಗುರುತು ಹಾಕದೆ ಡ್ರಿಲ್‌ಗೆ ಪರವಾನಗಿ ಕೊಡಬೇಡಿ.

ಪ್ರಶ್ನೆ: ಒಟ್ಟು ಮೊತ್ತದ ಗುತ್ತಿಗೆ ಕೊಟ್ಟುಬಿಟ್ಟರೆ ಅಪಾಯವೆಲ್ಲ ಗುತ್ತಿಗೆದಾರರದ್ದೇ ಆಗುವುದಿಲ್ಲವೆ?

ಕಾಗದದ ಮೇಲೆ ಆಗುತ್ತದೆ. ಕಾಣದ ತುಕ್ಕಿನ ಬೆಲೆಯನ್ನು ಒಬ್ಬರು ದುಬಾರಿಯಾಗಿ ಸೇರಿಸುತ್ತಾರೆ, ಇನ್ನೊಬ್ಬರು ಸೇರಿಸುವುದೇ ಇಲ್ಲ. ಗೆಲ್ಲುವವರು ಎರಡನೆಯವರು, ಮತ್ತು ಮೊದಲ ತುಕ್ಕು ಕಂಡ ದಿನವೇ ತಕರಾರು ಶುರು. ಅಳೆಯಬಲ್ಲದ್ದನ್ನು ಅಳತೆಗೆ ಬಿಡಿ: ಹಾಳಾದ ಕಾಂಕ್ರೀಟ್ ದುರಸ್ತಿಗೆ ಚದರ ಮೀಟರ್ ದರ, ಬಿರುಕು ತುಂಬಲು ಮೀಟರ್ ದರ, ಬಿಟ್ಟ ತೂತಿಗೆ ಬಿಡಿ ದರ, ಎಲ್ಲಕ್ಕೂ ಅಂದಾಜು ಪ್ರಮಾಣ. ನೆಲದ ವಿಷಯದಲ್ಲಿ ‘ಇಷ್ಟು ಆಳಕ್ಕೆ ಬಂಡೆ, ಇಷ್ಟಕ್ಕೆ ನೀರು’ ಎಂಬ ಆಧಾರ ವರದಿ ಕೊಟ್ಟು, ಅದಕ್ಕಿಂತ ಕೆಟ್ಟದ್ದು ಸಿಕ್ಕರೆ ನಾವು ಕೊಡುತ್ತೇವೆ ಎನ್ನಿ. ಕೆಲಸಗಾರರ ಸಂಖ್ಯೆ, ಯಂತ್ರ, ಕ್ರಮ, ಗುಣಮಟ್ಟ ಗುತ್ತಿಗೆದಾರರ ಕೈಯಲ್ಲಿರುವುದರಿಂದ ಆ ಅಪಾಯ ಅವರದ್ದು. ನೀರು ನಿಲ್ಲಿಸುವ ರಾತ್ರಿ ಯಾವುದೆಂದು ತೀರ್ಮಾನಿಸುವವರು ನೀವು. ನೀವು ಮುಂದೂಡಿದ ರಾತ್ರಿಯ ಕೂಲಿ, ಬಾಡಿಗೆ ಎಷ್ಟೆಂಬ ದರವನ್ನೂ ಟೆಂಡರಿನಲ್ಲೇ ಕೇಳಿಬಿಡಿ.

ಪ್ರಶ್ನೆ: ಕಾಮಗಾರಿ ಮುಗಿಯುತ್ತ ಬಂದಿದೆ. ಹಸ್ತಾಂತರದ ವೇಳೆ ಏನೇನು ನೋಡಬೇಕು?

ಮುಚ್ಚಿಹೋದ ಪ್ರತಿ ಕಂಬಿ, ಪ್ರತಿ ಆ್ಯಂಕರ್‌ನ ಫೋಟೊ ಮತ್ತು ಎಳೆತ ಪರೀಕ್ಷೆಯ ಹಾಳೆ ಕೇಳಿ ಪಡೆಯಿರಿ. ಫೈಬರ್ ಹೊದಿಕೆ ಸುತ್ತಿದ ಕಂಬಗಳನ್ನು ನಾಣ್ಯದಿಂದ ಕುಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಅಂಟು ಹಿಡಿದಿಲ್ಲ.

ಆಮೇಲೆ ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ. ಜನರೇಟರ್‌ನ ಬ್ಯಾಟರಿಗೆ ಕಟ್ಟು ಇದೆಯೆ? ಯಂತ್ರವನ್ನು ನೆಲಕ್ಕೆ ಬಿಗಿದು, ಅದನ್ನು ಚಾಲೂ ಮಾಡುವ ಬ್ಯಾಟರಿಯನ್ನು ಬಿಡಿಯಾಗಿ ಇಟ್ಟಿರುವುದು ಅಪರೂಪವೇನಲ್ಲ. ಕಂಟ್ರೋಲ್ ಪ್ಯಾನೆಲ್‌ಗಳು ಪರಸ್ಪರ ಬೆಸೆದಿವೆಯೆ, ಇಲ್ಲ ಒಂದನ್ನೊಂದು ಗುದ್ದುವಂತಿವೆಯೆ? ಟ್ರಾನ್ಸ್‌ಫಾರ್ಮರ್ ಇನ್ನೂ ಹಳಿಯ ಮೇಲೆ ಗಾಲಿಯಲ್ಲೇ ನಿಂತಿದೆಯೆ? ಪಿಂಗಾಣಿ ಬುಶಿಂಗ್‌ಗೆ (ತಂತಿ ಟ್ರಾನ್ಸ್‌ಫಾರ್ಮರ್ ಸೇರುವ ಕಡೆಯ ನಿರೋಧಕ) ಬರುವ ತಂತಿಯಲ್ಲಿ ಸಡಿಲ ಇದೆಯೆ, ಬಿಗಿಯಾಗಿದ್ದರೆ ಪಕ್ಕದ ಉಪಕರಣ ಅಲುಗಿದಾಗ ಬುಶಿಂಗ್ ಮುರಿಯುತ್ತದೆ. ಕ್ಲೋರಿನ್ ಸಿಲಿಂಡರ್‌ಗೆ ಪಟ್ಟಿ ಕಟ್ಟಿದೆಯೆ?

ಪ್ರತಿ ಬ್ರೇಸ್‌ಗೆ ಸಂಖ್ಯೆ ಬರೆಸಿ, ಪಟ್ಟಿಯನ್ನು ನಿರ್ವಹಣಾ ಸಿಬ್ಬಂದಿಗೆ ಕೊಡಿ. ಪಂಪ್ ಹೊರತೆಗೆಯಲು ಬಿಚ್ಚಿದ ಬ್ರೇಸ್ ಮೂಲೆ ಸೇರುವುದು ಆ ಪಟ್ಟಿ ಇಲ್ಲದ ಕಡೆ. ಕೊನೆಗೆ, ಗೋಡೆ ದಾಟುವ ಕೊಳವೆಗಳ ಸುತ್ತ ಡ್ರಾಯಿಂಗಿನಲ್ಲಿ ತೋರಿಸಿದ ಖಾಲಿ ಜಾಗವನ್ನು ಬೆರಳು ಹಾಕಿ ಪರೀಕ್ಷಿಸಿ. ‘ಸಂದು ಉಳಿದಿದೆ, ಚೆನ್ನಾಗಿ ಕಾಣುವುದಿಲ್ಲ’ ಎಂದು ಯಾರಾದರೂ ಗಾರೆ ಮೆತ್ತಿದ್ದರೆ ಬಿಲ್ ಪಾಸು ಮಾಡುವ ಮೊದಲು ಕೆತ್ತಿಸಿ, ಅಲ್ಲಿ ಮೆತ್ತನೆಯ ಸೀಲಂಟ್ ಹಾಕಿಸಿ.